ಊರೆಲ್ಲ ಕೂತ ಬೆಂಚು

ಕಡಲೆಕಾಯಿ ಸಿಪ್ಪೆ ಒಡೆಯುವ ಸದ್ದು, ಮತ್ತೊಂದು ಸಿಪ್ಪೆ, ಪಕ್ಕದ ಮೇಜಿನಲ್ಲಿ ನಕ್ಷೆ ಮಾಡುವ ಇವನ ಬಾಯಿಗೆ ಬಿಡುವೇ ಇಲ್ಲ, ತಿನ್ನುವುದು ನಿಂತರೆ ಮಾತು, ಮಾತು ನಿಂತರೆ ತಿನ್ನುವುದು, ಪರದೆಯ ಮೇಲೆ ಸಾಲುಗಳು ಓಡುತ್ತಿವೆ, ಓಡುತ್ತಿವೆ, ಓ ನಿಂತವು — ಮಿತಿ ಮುಗಿದಿದೆ, ಸ್ವಲ್ಪ ಹೊತ್ತು ಬಿಟ್ಟು ಕೇಳಿ — ಸರಿಯಪ್ಪ, ಬಿಟ್ಟೇ ಕೇಳುತ್ತೇನೆ, ಅಲ್ಲೆಲ್ಲೋ ಕೂತ ಯಂತ್ರಕ್ಕೂ ನನ್ನ ಕಾಟ ಸಾಕಾಗಿರಬೇಕು, ಬೆಳಿಗ್ಗೆಯಿಂದ ಒಂದೇ ಪ್ರಶ್ನೆ ಹಿಡಿದು ಕೂತಿದ್ದೇನೆ, ಈ ಅಕ್ಷಾಂಶ, ಈ ರೇಖಾಂಶ, ಇದರ ಸುತ್ತ ಇಷ್ಟು ದೂರದೊಳಗೆ ನಿಂತು ಜಾಲತಾಣದಲ್ಲಿ ಯಾರು ಏನು ಬರೆದು ಹಾಕಿದ್ದಾರೆ ಕೊಡು, ಎಪಿಐ ಎನ್ನುವ ಆ ಕಿಂಡಿಯೊಳಗಿನಿಂದ ಅದು ಒಂದು ಬೊಗಸೆ ಕೊಡುತ್ತದೆ, ಕೊನೆಯಲ್ಲಿ ಮುಂದಿನ ಪುಟದ ಗುರುತೊಂದನ್ನು ಕೊಡುತ್ತದೆ, ಆ ಗುರುತು ತೋರಿಸಿದರೆ ಇನ್ನೊಂದು ಬೊಗಸೆ, ಹೀಗೆ ಅಂಗಲಾಚಿ ಪಡೆಯುವುದೇ ನನ್ನ ಉದ್ಯೋಗ, ಸಾರಿಗೆ ಕಚೇರಿಯ ಮೂರನೇ ಮಹಡಿಯಲ್ಲಿ ಕಿಟಕಿಗೆ ಬೆನ್ನು ಮಾಡಿ ಕೂತು ಊರಿನವರು ಬಸ್ಸಿಗೆ ಹಾಕುವ ಶಾಪವನ್ನೆಲ್ಲ ಜಾಗದ ಸಮೇತ ಆರಿಸಿ ಮೇಲಿನವರಿಗೆ ಒಪ್ಪಿಸುವವಳು ನಾನು, ಯಾವ ನಿಲ್ದಾಣದಲ್ಲಿ ಜನ ಕಾದು ಕಾದು ಸುಸ್ತಾದರು, ಯಾವ ತಿರುವಿನಲ್ಲಿ ಚಾಲಕ ನಿಲ್ಲಿಸದೆ ಹೋದ, ಎಲ್ಲವೂ ನನಗೆ ಗೊತ್ತು. ಊರಿನಲ್ಲಿ ಯಾರು ಎಲ್ಲಿದ್ದಾರೆ ಎಂದು ನನ್ನನ್ನು ಕೇಳಿ ಎಂದು ಅಕ್ಕನ ಹತ್ತಿರ ಎಷ್ಟು ಸಲ ಜಂಬ ಕೊಚ್ಚಿಕೊಂಡಿಲ್ಲ ನಾನು.

ಬೆಳಿಗ್ಗೆ ಇವನು ನಕ್ಷೆಯನ್ನು ಗೋಡೆಗೆ ಬಿಟ್ಟಾಗ ಸಾಹೇಬರು ಕುರ್ಚಿಯಿಂದ ಎದ್ದೇ ನಿಂತರು, ನೋಡ್ರೀ ಆ ಕೆಂಪು ಗುಡ್ಡೆ, ಅಷ್ಟು ಜನ ಸೇರ್ತಾರೆ ಅಂದ್ರೆ ಅಲ್ಲೊಂದು ದೊಡ್ಡ ನಿಲ್ದಾಣ ಆಗಲೇಬೇಕು, ಮೇಲಿನವರಿಗೆ ಬರೆದು ಹಾಕಿ ಎಂದರು, ಆ ಗುಡ್ಡೆ ನಮ್ಮ ಮನೆಯೆದುರಿನ ನೀರಿನ ಟ್ಯಾಂಕಿನ ಕೆಳಗಿನ ಸಿಮೆಂಟು ಬೆಂಚು, ಒಂದು ಕಾಲು ಮುರಿದು ಇಟ್ಟಿಗೆ ಕೊಟ್ಟಿದ್ದಾರೆ, ಅದರ ಮೇಲೆ ಕಿವಿ ಹರಿದ ಒಂದು ನಾಯಿ ಬಿಟ್ಟರೆ ಒಂದು ನರಪಿಳ್ಳೆಯೂ ಕೂರುವುದನ್ನು ನಾನು ಕಂಡಿಲ್ಲ, ಎರಡನೇ ಮಹಡಿಯ ನನ್ನ ಅಡುಗೆಮನೆ ಕಿಟಕಿಯಿಂದ ನೇರ ಕಾಣುತ್ತದೆ, ಆದರೂ ಸುಮ್ಮನಿದ್ದೆ, ಯಾಕೆ ಸುಮ್ಮನಿದ್ದೆ ಎಂದು ನನಗೊಬ್ಬಳಿಗೇ ಗೊತ್ತು, ಆಗ ಇವನು ಬಾಯಲ್ಲಿ ಕಾಳು ಇಟ್ಟುಕೊಂಡೇ ನಗತೊಡಗಿದ, ಸಾರ್, ಇಡೀ ಊರೇ ಈ ಬೆಂಚ್ ಮೇಲೆ ಕೂತ್ರೆ ಬೆಂಚು ಲಗಾಡಿ ಎದ್ದು ಹೋಗತ್ತೆ ಸಾರ್, ಏನ್ರೀ ಹಾಗಂದ್ರೆ, ಅಲ್ಲ ಸಾರ್, ಸರಿಯಾದ ಜಾಗ ಕೊಡದೆ ಬರೀ ಊರಿನ ಹೆಸರು ಹಾಕ್ತಾರಲ್ಲ, ಅವರನ್ನ ಯಂತ್ರ ಎಲ್ಲಿ ಅಂತ ಕೂರಿಸತ್ತೆ ಪಾಪ, ಊರಿನ ಸುತ್ತ ಒಂದು ಚೌಕ ಎಳೆದು ಅದರ ನಟ್ಟನಡುವೆ ಒಂದು ಚುಕ್ಕಿ ಗುದ್ದತ್ತೆ, ಆ ನಟ್ಟನಡುವೆ ಈ ಬೆಂಚು ಇದೆ ಅಷ್ಟೆ, ಇವರ್ಯಾರೂ ಅಲ್ಲಿಗೆ ಬಂದೇ ಇಲ್ಲ. ಸಾಹೇಬರು ನಕ್ಕರು, ಗುಮಾಸ್ತರು ನಕ್ಕರು, ನಾನೂ ನಕ್ಕೆ, ನಗಲೇಬೇಕಿತ್ತು, ನಗುತ್ತ ನಗುತ್ತ ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಡಲು ಹೋದೆ, ಅದು ಅಂಚಿಗೆ ತಾಗಿ ಚೆಲ್ಲಿತು, ಒರೆಸುವ ನೆವದಲ್ಲಿ ಬಗ್ಗಿದವಳು ಸ್ವಲ್ಪ ಹೊತ್ತು ಏಳಲಿಲ್ಲ.

ಬಂದೇ ಇಲ್ಲ — ಹಾಗಾದರೆ ನನ್ನ ಚೋಟಿ, ಚೋಟುದ್ದ ಇದ್ದಾಗಿನಿಂದ ಆ ಹೆಸರು, ಈಗ ನನಗಿಂತ ಒಂದು ಗೇಣು ಎತ್ತರ, ಮನೆ ಬಿಟ್ಟುಹೋದ ನನ್ನ ಮಗಳು, ಅವಳೂ ಬಂದೇ ಇಲ್ಲ. ಅವಳು ಹೋಗಿ ಎಷ್ಟೋ ತಿಂಗಳ ಮೇಲೆ ಒಂದು ಮಧ್ಯಾಹ್ನ ಬಸ್ಸಿನ ದೂರುಗಳ ರಾಶಿಯಲ್ಲಿ ಅವಳ ಸಾಲು ಸಿಕ್ಕಿತ್ತು, ಬಸ್ಸು ಬರಲಿಲ್ಲ, ನಡೆದೇ ಬಂದೆ, ಚಪ್ಪಲಿ ಕಿತ್ತು ಕೈಗೆ ಬಂತು, ಅದು ಅವಳದೇ ಧಾಟಿ, ಹೆಸರು ನೋಡುವ ಮೊದಲೇ ನನಗೆ ಗೊತ್ತಾಗಿತ್ತು, ಎಲ್ಲಿಂದ ಎಂದು ನೋಡಿದರೆ ನಮ್ಮ ಟ್ಯಾಂಕಿನ ಬೆಂಚು, ನಡೆದು ಬಂದಿದ್ದಾಳೆ, ಮನೆಯ ಎದುರಿನವರೆಗೆ ಬಂದಿದ್ದಾಳೆ, ಮೆಟ್ಟಿಲು ಹತ್ತಲು ಕಾಲು ಬಂದಿಲ್ಲ ಅಷ್ಟೆ, ಅವಳಪ್ಪನದೇ ಹಟ, ಅವರು ತೀರಿಹೋಗುವಾಗ ಅದೊಂದನ್ನು ಮಾತ್ರ ಮಗಳಿಗೆ ಬಿಟ್ಟು ಹೋಗಿದ್ದಾರೆ ಎಂದು ಹೇಳಿಕೊಂಡು ಈ ಕುರ್ಚಿಯಲ್ಲೇ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದೆ. ಆಮೇಲೆ ದಿನಾ ಊಟದ ಹೊತ್ತಿಗೆ ಎಲ್ಲರೂ ಕೆಳಗೆ ಹೋದಾಗ ನನ್ನದೇ ಒಂದು ಸಣ್ಣ ಪ್ರಶ್ನೆ, ಆ ಬೆಂಚಿನ ಸುತ್ತ, ಅವಳ ಹೆಸರಿನಲ್ಲಿ, ಪಲ್ಯದ ಕೈಯನ್ನು ಕರವಸ್ತ್ರಕ್ಕೆ ಒರೆಸಿಕೊಂಡು ಗುಂಡಿ ಒತ್ತುವುದು, ಚಿತ್ರಗಳು ಭಾರ ಎಂದು ಕಚೇರಿಯಲ್ಲಿ ತರಿಸುವುದಿಲ್ಲ, ಬರೀ ಮಾತು ಮತ್ತು ಜಾಗ, ಒಂದೊಂದು ದಿನ ಅವಳದೊಂದು ಸಾಲು, ಇವತ್ತು ಬಣ್ಣ ಬಳಿದು ಬಳಿದು ಬೆರಳೆಲ್ಲ ನೀಲಿ, ನಮ್ಮ ನಾಟಕದ ಅರಮನೆ ಕುಸಿದುಬಿತ್ತು, ರಾಜ ಮಾತ್ರ ಬದುಕಿದ್ದಾನೆ, ಜ್ವರ ಬಿಟ್ಟಿತು ಗಂಜಿ ರುಚಿ ಅನ್ನಿಸಿತು, ಜ್ವರ ಬಂದಿತ್ತೇ ಇವಳಿಗೆ, ಜ್ವರದಲ್ಲೇ ಈ ಬಿಸಿಲಿನಲ್ಲಿ ಬೆಂಚಿನ ಮೇಲೆ ಬಂದು ಕೂತಿದ್ದಳೇ, ಹುಚ್ಚಿ. ನಾನೆಂಥ ಹುಚ್ಚಿ.

ಅವಳು ಹೋದದ್ದೂ ಈ ಚುಕ್ಕಿಗಳಿಂದಲೇ, ಅದನ್ನು ಯಾರಿಗೂ ಹೇಳಿಲ್ಲ, ಅಕ್ಕನಿಗೂ ಅರ್ಧ ಹೇಳಿ ಅರ್ಧ ನುಂಗಿದ್ದೇನೆ. ಕಾಲೇಜಿಗೆ ಹೋಗುತ್ತೇನೆ ಎಂದು ಹೇಳಿ ಡಬ್ಬಿ ಕಟ್ಟಿಸಿಕೊಂಡು ಹೋಗುತ್ತಿದ್ದಳು, ಒಂದು ದಿನ ಅವಳು ಹಾಕಿದ ಒಂದು ಸಾಲು ಹಳೇ ಗೋದಾಮಿನ ಹತ್ತಿರದ ಚುಕ್ಕಿಯಲ್ಲಿ ಸಿಕ್ಕಿತು, ಮರುದಿನವೂ ಅಲ್ಲೇ, ಅದರ ಮರುದಿನವೂ, ನಾಟಕದವರ ಗೋದಾಮು, ಪರದೆ, ಗೋಡೆ, ಸುಳ್ಳು ಬಾಗಿಲುಗಳನ್ನು ಮಾಡುವ ಜಾಗ, ಕಾಲೇಜು ಬಿಟ್ಟು ತಿಂಗಳುಗಳೇ ಆಗಿದ್ದವು, ಸಂಜೆ ಅವಳು ಬಂದು ಚಪ್ಪಲಿ ಬಿಡುವ ಮುಂಚೆ ನಾನು ಕಾಗದದ ಮೇಲೆ ಅಚ್ಚು ಹಾಕಿದ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿ ಕೂತಿದ್ದೆ, ಕಳ್ಳನನ್ನು ಹಿಡಿದ ಪೊಲೀಸಿನವಳ ಹಾಗೆ, ಎಷ್ಟು ಹೆಮ್ಮೆ ನನಗೆ, ನೋಡು, ಇಲ್ಲಿದ್ದೆ, ಇಲ್ಲಿದ್ದೆ, ಇಲ್ಲಿದ್ದೆ, ಸುಳ್ಳು ಹೇಳ್ತೀಯಾ, ಅವಳು ನಕ್ಷೆ ನೋಡಿದಳು, ನನ್ನನ್ನು ನೋಡಿದಳು, ಸುಳ್ಳು ಹೇಳಿದ್ದು ತಪ್ಪು ಅಮ್ಮ, ಹೆದರಿಕೆ ಆಯ್ತು ಹೇಳಲಿಲ್ಲ, ಆದ್ರೆ ನೀನು ಒಂದು ಮಾತು ಕೇಳಬಹುದಿತ್ತಲ್ಲ, ಎಲ್ಲಿಗೆ ಹೋಗ್ತೀಯೇ, ಏನು ಮಾಡ್ತೀಯೇ ಅಂತ, ಮಗಳನ್ನ ಕೇಳೋದು ಬಿಟ್ಟು ಕಂಪ್ಯೂಟರನ್ನ ಕೇಳಿದ್ಯಲ್ಲ. ನಾನು ಕೂಗಿದೆ, ಏನೇನೋ ಕೂಗಿದೆ, ಸುಳ್ಳು ಬಾಗಿಲು ಮಾಡೋಳಿಗೆ ಈ ಬಾಗಿಲು ಯಾಕೆ ಎಂದೂ ಅಂದೆ, ಅಂದದ್ದು ಹೌದು, ಅವಳು ಬಟ್ಟೆ ತುಂಬಿಕೊಳ್ಳುವಾಗ ಅಳಲಿಲ್ಲ, ಮೆಟ್ಟಿಲ ಹತ್ತಿರ ನಿಂತು ಫೋನು ತೆಗೆದು ಏನೋ ಒತ್ತಿದಳು, ಜಾಗ ತೋರಿಸೋದನ್ನ ಆಫ್ ಮಾಡಿದ್ದೀನಿ ನೋಡು, ಇನ್ನು ಮೇಲೆ ಊರಲ್ಲಿದ್ದೀನಿ ಅಂತ ಮಾತ್ರ ಗೊತ್ತಾಗತ್ತೆ, ಎಲ್ಲಿ ಅಂತ ತಿಳ್ಕೋಬೇಕು ಅನ್ನಿಸಿದ್ರೆ ಫೋನ್ ಮಾಡಿ ಕೇಳು. ಇಷ್ಟು ಬಿಡಿಸಿ ಹೇಳಿದ್ದಳು.

ಬರೀ ಊರು ಎಂದು ಮಾತ್ರ ಗೊತ್ತಾಗುತ್ತದೆ ಎಂದು ಅವಳೇ ಹೇಳಿದ್ದಳಲ್ಲ, ಬರೀ ಊರಿನ ಹೆಸರು ಬಂದರೆ ಯಂತ್ರ ಎಲ್ಲಿ ಕೂರಿಸುತ್ತದೆ ಎಂಬುದು ನನ್ನ ಕಸುಬಿನ ಮೊದಲ ಪಾಠವಲ್ಲವೇ, ಬೇರೆ ಯಾರದೋ ಮಗಳ ಚುಕ್ಕಿಯಾಗಿದ್ದರೆ ನೋಡಿದ ಕೂಡಲೇ ಹೇಳುತ್ತಿದ್ದೆ, ನನ್ನ ಮಗಳದ್ದಕ್ಕೆ ಮಾತ್ರ ಬೇರೆ ಲೆಕ್ಕ, ನನಗಾಗಿಯೇ ಮತ್ತೆ ಆನ್ ಮಾಡಿದ್ದಾಳೆ ಎಂದುಕೊಂಡೆ, ಅಮ್ಮ ಹುಡುಕುತ್ತಾಳೆ ಎಂದು ಗೊತ್ತಿದ್ದೇ ಕಾಣಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡೆ, ಹಾಗೆ ಅಂದುಕೊಳ್ಳುವುದು ಎಷ್ಟು ಹಿತವಾಗಿತ್ತು. ಸಂಜೆ ಬಸ್ಸಿಳಿದು ಬಂದಾಗ ಬೆಂಚು ಖಾಲಿ, ಈಗಷ್ಟೇ ಎದ್ದು ಹೋಗಿರಬೇಕು, ಒಂದು ದಿನ ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಸಿಮೆಂಟಿನ ಮೇಲೆ ಅಂಗೈ ಇಟ್ಟೆ, ಬೆಚ್ಚಗಿತ್ತು, ಬಿಸಿಲಿಗೆ ಸಿಮೆಂಟು ಬೆಚ್ಚಗಿರದೆ ಇನ್ನೇನು ತಣ್ಣಗಿರುತ್ತದೆಯೇ, ಆದರೂ ಅವಳದೇ ಬಿಸುಪು ಎಂದು ಆ ಕೈಯನ್ನು ಮನೆಗೆ ಹೋಗಿ ತೊಳೆಯಲೇ ಇಲ್ಲ. ಕಿಟಕಿಯ ಪರದೆ ತೆಗೆದೇ ಇಟ್ಟೆ, ಅಡುಗೆಮನೆಯ ದೀಪ ಆರಿಸದೆ ಕೆಲಸಕ್ಕೆ ಬಂದೆ, ಕೆಳಗೆ ಕೂತವಳಿಗೆ ಮೇಲೆ ಬೆಳಕು ಕಾಣಲಿ ಎಂದು. ಅಕ್ಕ ಫೋನಿನಲ್ಲಿ ಬೈಯುತ್ತಿದ್ದಳು, ಒಂದು ಸಲ ಮಾತಾಡಿಸೇ, ನಿನ್ನ ಗಂಟೇನು ಹೋಗತ್ತೆ, ಇಲ್ಲಕ್ಕಾ, ಹತ್ತಿರದಲ್ಲೇ ಇದ್ದಾಳೆ, ತಾನಾಗೇ ಬರ್ತಾಳೆ, ಗುಬ್ಬಿ ಕಿಟಕಿಗೆ ಬಂದು ಕೂತಾಗ ಹೋ ಅಂದ್ರೆ ಹಾರಿಹೋಗತ್ತೆ, ಹತ್ತಿರ ಇದ್ದಾಳೆ ಅಂತ ನಿನಗ್ಯಾರೇ ಹೇಳಿದ್ದು, ಗೊತ್ತು ಬಿಡಕ್ಕಾ, ನನಗೆ ಗೊತ್ತು. ದೂರ ಇದ್ದಾಳೆ ಎಂದು ಗೊತ್ತಿದ್ದರೆ ಎಂದೋ ಫೋನು ಮಾಡುತ್ತಿದ್ದೆ, ಗೋದಾಮಿನ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ, ಕಾಲಿಗೆ ಬೀಳು ಎಂದರೂ ಬೀಳುತ್ತಿದ್ದೆ, ಹತ್ತಿರ ಇದ್ದಾಳೆ ಎಂದೇ ಸುಮ್ಮನೆ ಕೂತೆ, ಅವಳು ಆ ಕಡೆ ಎಲ್ಲೋ ಒಂದು ಕೋಣೆಯಲ್ಲಿ ಜ್ವರದಲ್ಲಿ ಮಲಗಿ ಅಮ್ಮ ಒಂದು ಫೋನೂ ಮಾಡಲಿಲ್ಲ ಎಂದುಕೊಳ್ಳುತ್ತಿದ್ದಳೇನೋ, ಫೋನ್ ಮಾಡಿ ಕೇಳು ಎಂದು ಹೇಳಿ ಬಂದಿದ್ದೆನಲ್ಲ ಎಂದುಕೊಳ್ಳುತ್ತಿದ್ದಳೇನೋ. ನಾಚಿಕೆಯಾಗುತ್ತದೆ, ನನ್ನ ಜಾಣತನದ ಬಗ್ಗೆ ನನಗೇ ಹೇಸಿಗೆಯಾಗುತ್ತದೆ.

ಮೇಡಂ ಏನು ಧ್ಯಾನ, ನಿಮ್ಮ ಯಂತ್ರ ಎದ್ದಿದೆ ನೋಡಿ, ಹೌದಲ್ಲ, ಸಾಲುಗಳು ಮತ್ತೆ ಓಡುತ್ತಿವೆ, ಇವನಿಗೆ ನಿಲ್ದಾಣದ ಪ್ರಸ್ತಾಪ ವಾಪಸು ತೆಗೆಯಲು ಪುರಾವೆ ಬೇಕಂತೆ, ಏನೂ ತೊಳೀಬೇಡಿ ಸೋಸ್ಬೇಡಿ ಮೇಡಂ, ಹಸಿಹಸಿಯಾಗಿ ತರಿಸಿ, ಜಾಗದ ಬಗೆ ಏನು, ಬರೀ ಊರೋ ನಿಖರ ಬಿಂದುವೋ ಅಂತಾನೂ ಕೇಳಿ, ಕೇಳಿದ್ದೇನೆ, ಇಷ್ಟು ದಿನ ಕೇಳದೇ ಇದ್ದ ಆ ಒಂದು ಕಾಲಮನ್ನು ಇವತ್ತು ಕೇಳಿದ್ದೇನೆ, ಉತ್ತರ ಬರುತ್ತಿದೆ, ಊರು, ಊರು, ಊರು, ಊರು, ಯಾರು ಯಾರೋ, ಮದುವೆಗೆ ಹೋದವರು, ಹಲ್ಲು ಕೀಳಿಸಿಕೊಂಡವರು, ಬಸ್ಸಿಗೆ ಬೈದವರು, ಎಲ್ಲರೂ ನನ್ನ ಬೆಂಚಿನ ಮೇಲೆ ತೊಡೆಯ ಮೇಲೆ ತೊಡೆ ಹಾಕಿ ಕೂತಿದ್ದಾರೆ, ಅವರ ನಡುವೆ ಚೋಟಿ, ಚಪ್ಪಲಿ ಕಿತ್ತದ್ದು, ಊರು, ಬೆರಳು ನೀಲಿಯಾದದ್ದು, ಊರು, ಅರಮನೆ ಕುಸಿದದ್ದು, ಊರು, ಗಂಜಿ, ಊರು, ಒಂದೊಂದನ್ನೂ ಒಂದೊಂದಾಗಿ ನನ್ನ ಕೈಯಿಂದ ಕಿತ್ತುಕೊಳ್ಳುತ್ತಿದ್ದಾರೆ, ಕಿತ್ತುಕೊಳ್ಳಲಿ, ನನ್ನದೇನಿತ್ತು ಅಲ್ಲಿ. ಆಮೇಲೆ ಕೆಲವು ವಾರಗಳಿಂದ ಅವಳ ಸಾಲೇ ಇಲ್ಲ, ಬೆಂಚಿಗೆ ಬರುವುದನ್ನು ಬಿಟ್ಟಳಲ್ಲ ಎಂದು ಎಷ್ಟು ತಳಮಳಪಟ್ಟಿದ್ದೆ, ಮಳೆಗೆ ಇರಬೇಕು, ನಾಟಕದ ತಿರುಗಾಟಕ್ಕೆ ಹೋಗಿರಬೇಕು, ಇಲ್ಲಿಗೆ ಮುಗಿಯಬೇಕು ಅವಳದು, ಗಂಜಿಯೇ ಕೊನೆ — ಮುಗಿಯಲಿಲ್ಲ. ಇನ್ನೊಂದು ಇದೆ. ಅವಳ ಹೆಸರು, ಮಾತಿನ ಕಾಲಂ ಖಾಲಿ, ಜಾಗದ ಬಗೆ, ನಿಖರ ಬಿಂದು.

ನಿಖರ ಬಿಂದು, ಊರಲ್ಲ, ಅಕ್ಷಾಂಶದ ಬಾಲ ಉದ್ದಕ್ಕಿದೆ, ಬೆಂಚಲ್ಲ, ಬೆಂಚಿನಿಂದ ರಸ್ತೆ ದಾಟಿ ಈಚೆಗೆ, ಈ ಅಂಕಿಗಳು ನನಗೆ ಬಾಯಿಪಾಠ, ನಮ್ಮ ಕಟ್ಟಡ, ಯಾವಾಗ, ಒಂದು ಕೆಲಸದ ದಿನದ ಮಧ್ಯಾಹ್ನ, ಊಟದ ಹೊತ್ತು, ಅಂದರೆ ನಾನು ಇದೇ ಕುರ್ಚಿಯಲ್ಲಿ ಡಬ್ಬಿ ಬಿಚ್ಚಿ ಕೂತು ಬೆಂಚಿನ ಮೇಲೆ ನನ್ನ ಮಗಳು ಇದ್ದಾಳೆಯೇ ಎಂದು ಯಂತ್ರವನ್ನು ಕೇಳುತ್ತಿದ್ದ ಹೊತ್ತು, ಇವತ್ತಿಲ್ಲ ಎಂದಿತ್ತು ಅದು, ಯಾಕೆ ಹಾಗೆಂದಿತು, ಈ ಸಾಲು ನನಗೆ ಯಾಕೆ ಕಾಣಲಿಲ್ಲ — ಅಯ್ಯೋ, ಆ ಒಂದು ಗೆರೆ, ನಾನೇ ಬರೆದ ಗೆರೆ, ಸಾಹೇಬರು ಈ ಖಾಲಿ ಸಾಲುಗಳೆಲ್ಲ ಯಾಕ್ರೀ, ಓದೋಕೆ ಏನಿದೆ ಅದರಲ್ಲಿ ಎಂದಿದ್ದಕ್ಕೆ ನಾನೇ ಜಾಣತನದಿಂದ ಸೇರಿಸಿದ್ದು, ಮಾತಿಲ್ಲದ ಸಾಲುಗಳನ್ನು ಬಿಸಾಡು ಎಂದು, ಬೇರೆಯವರ ಖಾಲಿಯ ಜೊತೆಗೆ ಅವಳದನ್ನೂ ಬಾಚಿ ಬಿಸಾಡಿತ್ತು, ಹೇಳಿದ ಕೆಲಸ ಮಾಡಿತು ಪಾಪ. ಅವಳು ಅವತ್ತು ಗುಂಡಿ ಒತ್ತಿ ಜಾಗ ತೋರಿಸಿದ್ದಳು, ಬಿಟ್ಟುಹೋದ ಮೇಲೆ ಒಂದೇ ಒಂದು ಸಲ, ಅಮ್ಮ ನೋಡೇ ನೋಡುತ್ತಾಳೆ, ಅಮ್ಮನ ಕಣ್ಣಿನಿಂದ ಯಾವ ಚುಕ್ಕಿಯೂ ತಪ್ಪುವುದಿಲ್ಲ ಎಂದು ನಂಬಿ ತೋರಿಸಿದ್ದಳು, ಆಮೇಲೆ ಎಷ್ಟು ಹೊತ್ತು ಕಾದಳೋ, ಎಷ್ಟು ದಿನ ಕಾದಳೋ.

ಮಾತಿಲ್ಲದಿದ್ದರೆ ಚಿತ್ರ ಇರಲೇಬೇಕು, ಕೊಂಡಿ ಇದೆ, ಒತ್ತುತ್ತೇನೆ, ಸುತ್ತು ಸುತ್ತು ಸುತ್ತು ತಿರುಗುತ್ತಿದೆ, ಮೇಡಂ ಸಿಕ್ತಾ, ಹೂಂ ಸಿಕ್ತು, ತೆರೆಯಿತು. ಅಂಗೈ, ಅವಳ ಅಂಗೈ, ಉಗುರಿನ ಸುತ್ತ ನೀಲಿ, ಅಂಗೈಯ ಮೇಲೆ ಬೀಗದ ಕೈ, ನಮ್ಮ ಮನೆಯದೇ, ಕಳೆದುಕೊಳ್ಳಬೇಡ ಎಂದು ಅವಳು ಶಾಲೆಗೆ ಹೋಗುವಾಗ ನಾನೇ ಉಲ್ಲನ್ ದಾರ ಕಟ್ಟಿ ಕೊಟ್ಟಿದ್ದೆ, ದಾರ ಮಾಸಿದೆ, ಇನ್ನೂ ಕಟ್ಟೇ ಇದೆ, ಅಂಗೈಯ ಹಿಂದೆ ನಮ್ಮ ಬಾಗಿಲು, ಬಾಗಿಲಿಗೆ ಬೀಗ, ಹೊಸ ಬೀಗ. ನೀನು ಮನೆ ಬಿಟ್ಟ ವರ್ಷದ ಮಳೆಗೆ ಹಳೆಯದು ತುಕ್ಕು ಹಿಡಿದು ತಿರುಗದೆ ನಿಂತಿತ್ತು ಕಣೇ, ನಾನು ಮೆಟ್ಟಿಲ ಮೇಲೆ ಒದ್ದೆಯಾಗಿ ಕೂತಿದ್ದೆ, ಬೀಗದವನು ಬಂದು ಗರಗಸದಲ್ಲಿ ಕೊಯ್ದು ಹೊಸದು ಹಾಕಿಕೊಟ್ಟ, ಅಷ್ಟೇ ಕಣೇ, ನಿನ್ನನ್ನು ಹೊರಗಿಡಲು ಅಲ್ಲ, ಎರಡು ಕೈ ಕೊಟ್ಟ, ಎರಡನೆಯದು ನಿನ್ನದು ಎಂದು ಮೊಳೆಗೆ ನೇತುಹಾಕಿದ್ದೇನೆ, ಬೆಂಚಿನಿಂದ ಎದ್ದು ಮೇಲೆ ಬಂದ ದಿನ ಕೊಡೋಣ ಎಂದು, ಇದನ್ನು ಹೇಳಬೇಕು, ಈಗಲೇ ಹೇಳಬೇಕು, ಫೋನು ಎಲ್ಲಿ, ಇಲ್ಲೇ ಇದೆ, ಅವಳ ಹೆಸರು ಒತ್ತಿದೆ, ರಿಂಗಾಗುತ್ತಿದೆ, ಎತ್ತಿದರೆ ಮೊದಲು ಏನು ಹೇಳಲಿ, ಬೀಗ ಎನ್ನಲೇ, ಮಗಳೇ ಎನ್ನಲೇ, ರಿಂಗಾಗುತ್ತಿದೆ, ಚಿತ್ರವನ್ನು ದೊಡ್ಡದು ಮಾಡುತ್ತೇನೆ, ಇನ್ನೂ ದೊಡ್ಡದು, ಬೀಗದ ಕಂಡಿಯ ಸುತ್ತ ಗೀರುಗಳು, ಹಿತ್ತಾಳೆ ಕೆರೆದು ಹೋಗಿದೆ, ಒಂದು ಸಲ ತುರುಕಿ ಬಿಟ್ಟವಳು ಮಾಡುವ ಗೀರಲ್ಲ, ಹೋಗಲಾರದ ಬೀಗದ ಕೈಯನ್ನು ಮತ್ತೆ ಮತ್ತೆ, ಹಾಗೆ ತಿರುಗಿಸಿ, ಹೀಗೆ ತಿರುಗಿಸಿ, ಆ ಗೀರುಗಳನ್ನು ನಾನು ದಿನಾ ಸಂಜೆ ಬೀಗ ತೆಗೆಯುವಾಗ ನೋಡಿದ್ದೇನೆ, ಬೆರಳಲ್ಲಿ ಸವರಿದ್ದೇನೆ, ಎಂಥ ಕಳಪೆ ಮಾಲು ಕೊಟ್ಟ ಆ ಬೀಗದವನು ಎಂದು ಬೈದಿದ್ದೇನೆ, ರಿಂಗಾಗುತ್ತಿದೆ, ಬೆರಳಲ್ಲಿ ಸವರಿದ್ದೇನೆ, ಎತ್ತು ಮಗಳೇ, ಕಂಡಿಯ ಸುತ್ತ ಗೀರು, ಗೀರಿನ ಮೇಲೆ ಗೀರು, ದಿನಾ ಸವರಿದ್ದೇನೆ, ಗೀರು